ಮುಚ್ಚಳದೊಳಗಿನ ಏರಿಯಲ್

ಮನೆಗೆ ರೇಡಿಯೋ ಬರುವುದೆಂದರೆ, ಪೆಟ್ಟಿಗೆಗಿಂತ ಮೊದಲು ಮಾಳಿಗೆಯ ಮೇಲೆ ಎರಡು ಗಳುಗಳು ಏಳಬೇಕಾಗಿದ್ದ ಕಾಲವೊಂದಿತ್ತು. ಒಂದು ಗಳುವಿನಿಂದ ಇನ್ನೊಂದಕ್ಕೆ ತಾಮ್ರದ ತಂತಿಯನ್ನು ಬಿಗಿದು, ತುದಿಗಳಲ್ಲಿ ಪಿಂಗಾಣಿಯ ಗುಂಡುಗಳನ್ನು ಕಟ್ಟಿ, ಒಂದು ಕಡೆಯಿಂದ ಎಳೆಯೊಂದನ್ನು ಕಿಟಕಿಯ ಮೂಲಕ ಒಳಕ್ಕೆ ಇಳಿಬಿಟ್ಟ ಮೇಲೆಯೇ ಪೆಟ್ಟಿಗೆ ಚೆನ್ನಾಗಿ ಮಾತಾಡುತ್ತಿದ್ದುದು. ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲಿಯೇ ಬಾನುಲಿ ಕೇಂದ್ರವನ್ನು ತೆರೆದಾಗ ಅದರ ಪ್ರೇಷಕಯಂತ್ರದ ಶಕ್ತಿ ಕೇವಲ 30 ವ್ಯಾಟ್. ಹಳೆಯ ಟ್ಯೂಬ್‌ಲೈಟ್ ಒಂದಕ್ಕೆ ಬೇಕಾಗುತ್ತಿದ್ದುದಕ್ಕಿಂತಲೂ ಕಡಿಮೆ. ಅಷ್ಟು ಮೆಲುದನಿಯ ಕೇಂದ್ರವನ್ನು ಕೇಳಬೇಕಾದರೆ ಕೇಳುವವರ ಕಿವಿ ಚೆನ್ನಾಗಿರಬೇಕು. ಮಾಳಿಗೆಯ ಮೇಲಿನ ತಂತಿಯೇ ಆ ಕಿವಿ.

ಮುಂದೆ 1981ರ ನವೆಂಬರಿನಲ್ಲಿ ಬೆಂಗಳೂರಿನಲ್ಲಿ ದೂರದರ್ಶನ ಆರಂಭವಾದ ಮೇಲೆ ಆ ತಂತಿಯ ಜಾಗದಲ್ಲಿ ಮೀನಿನ ಮುಳ್ಳಿನಂತಿರುವ ಅಲ್ಯೂಮಿನಿಯಮ್ ಕಡ್ಡಿಗಳ ಆಂಟೆನಾಗಳು ಕಾಣಿಸಿಕೊಂಡವು. 1920ರ ದಶಕದಲ್ಲಿ ಜಪಾನಿನ ಉದಾ ಮತ್ತು ಯಾಗಿ ಎಂಬ ಇಬ್ಬರು ಎಂಜಿನಿಯರುಗಳು ರೂಪಿಸಿದ ಆ ಸಾಧನ ಇನ್ನೂ ಯಾಗಿಯ ಹೆಸರಿನಿಂದಲೇ ಪ್ರಸಿದ್ಧವಾಗಿದೆ. ಗಾಳಿ ಬೀಸಿ ಚಿತ್ರ ಕದಡಿದಾಗ ಒಬ್ಬರು ಮಾಳಿಗೆ ಹತ್ತಿ ಕೊಳವೆಯನ್ನು ತಿರುಗಿಸುವುದು, ಇನ್ನೊಬ್ಬರು ಕೆಳಗಿನಿಂದ ‘ಬಂತು, ಬಂತು... ಹೋಯಿತು’ ಎಂದು ಕೂಗುವುದು ಆ ದಿನಗಳ ಗೃಹಕೃತ್ಯಗಳಲ್ಲೊಂದಾಗಿತ್ತು.

ಈಗ ಮಾಳಿಗೆಗಳು ಹೆಚ್ಚುಕಡಿಮೆ ಬರಿದಾಗಿವೆ. ಏರಿಯಲ್ಲಿನ ಕಾಲ ಮುಗಿಯಿತೆಂದು ಜನ ತಿಳಿದಿದ್ದಾರೆ. ಮುಗಿದಿಲ್ಲ. ಅದು ಕಣ್ಣಿಗೆ ಮರೆಯಾಗಿದೆ, ಅಷ್ಟೇ. ಮನೆಯ ಲ್ಯಾಪ್‌ಟಾಪಿನ ಮುಚ್ಚಳದೊಳಗೆ, ಪರದೆಯ ಅಂಚಿನಲ್ಲಿ, ಬೆರಳಿನಷ್ಟು ಉದ್ದದ ತೆಳು ಲೋಹದ ಹಾಳೆಯಾಗಿ ಅದು ಕುಳಿತಿದೆ. ಕಣ್ಣಿಗೆ ಕಾಣದ್ದನ್ನು ಯಾರೂ ಸರಿಪಡಿಸಲು ಹೋಗುವುದಿಲ್ಲ. ಅನೇಕ ಮನೆಗಳಲ್ಲಿ ವೃಥಾ ಖರ್ಚಿಗೂ, ಅದಕ್ಕಿಂತ ಮಿಗಿಲಾಗಿ ಮಕ್ಕಳ ಓದಿನ ತೊಂದರೆಗೂ ಇದೇ ಮೂಲ.

ಚಿಂತಾಮಣಿಯಂಥ ಊರಿನ ಹಳೆಯ ಬೀದಿಯ ಮನೆಯೊಂದನ್ನು ಮನಸ್ಸಿಗೆ ತಂದುಕೊಳ್ಳಬಹುದು. ಅಗಲ ಕಿರಿದು, ಉದ್ದ ಬಹಳ. ಬೀದಿಗೆ ತೆರೆದುಕೊಂಡ ಹಾಲು, ಅದರ ಹಿಂದೆ ನಡುಮನೆ, ಆಮೇಲೆ ಅಡಿಗೆಮನೆ, ಕೊನೆಗೆ ಹಿತ್ತಲಿನ ಮಗ್ಗುಲಿಗೆ ಒಂದು ಚಿಕ್ಕ ಕೋಣೆ. ಕಲ್ಲಿಗೆ ಬಡತನವಿಲ್ಲದ ಸೀಮೆಯಾದುದರಿಂದ ಗೋಡೆಗಳು ದಪ್ಪ; ಮೇಲೆ ಕಲ್ಲುಚಪ್ಪಡಿಯ ಹಾಸು. ಇಂಟರ್‌ನೆಟ್ಟಿನ ತಂತಿ ಬೀದಿಯ ಕಂಬದಿಂದ ಬರುವುದಾದ್ದರಿಂದ ವೈಫೈ ಪೆಟ್ಟಿಗೆಯನ್ನು ಹಾಲಿನಲ್ಲಿ, ಟಿವಿಯ ಹಿಂದೆ ಮೊಳೆ ಹೊಡೆದು ಕೂರಿಸಿದ್ದಾರೆ. ಮಗಳು ಸಿಇಟಿ ಪರೀಕ್ಷೆಗೆ ಓದುತ್ತಿರುವುದು ಹಿತ್ತಲ ಕೋಣೆಯಲ್ಲಿ. 2020ರಲ್ಲಿ ಶಾಲೆಗಳು ಮುಚ್ಚಿದಾಗ ಮನೆಗೆ ಬಂದ ಲ್ಯಾಪ್‌ಟಾಪು ಆಮೇಲೂ ಅವಳ ಮೇಜಿನ ಮೇಲೆ ಉಳಿದಿದೆ. ಆದರೆ ಅಲ್ಲಿ ಪಾಠದ ಚಿತ್ರ ನಿಂತು ನಿಂತು ಬರುತ್ತದೆ. ಉಪಾಧ್ಯಾಯರ ಮಾತು ಅರ್ಧಕ್ಕೆ ಕತ್ತರಿಸುತ್ತದೆ.

“ಹೊಸ ಲ್ಯಾಪ್‌ಟಾಪ್ ಕೊಡಿಸಿ ಅಪ್ಪಾ, ಇದರಲ್ಲಿ ಆಗುವುದಿಲ್ಲ” ಎನ್ನುತ್ತಾಳೆ ಮಗಳು.

“ಹಾಲಿನಲ್ಲಿ ಕೂತು ಓದಮ್ಮ, ಇಲ್ಲಿ ಚೆನ್ನಾಗಿ ಬರುತ್ತದೆ” ಎನ್ನುತ್ತಾರೆ ತಂದೆ. ಹಾಲಿನಲ್ಲಿ ಟಿವಿ ಇದೆ, ಬಂದುಹೋಗುವವರಿದ್ದಾರೆ, ಬಂದವರಿಗೆ ಕಾಫಿ ಕೊಡಬೇಕಾದವಳು ಅಲ್ಲಿ ಕೈಗೆ ಸಿಕ್ಕುವ ಹುಡುಗಿಯೇ.

ಆಗ ಮೂಲೆಯಲ್ಲಿ ಹೂ ಕಟ್ಟುತ್ತಿರುವ ಅಜ್ಜಿ ಕೇಳುತ್ತಾರೆ: “ನಮ್ಮ ಕಾಲದಲ್ಲಿ ರೇಡಿಯೋಗೆ ಮಾಳಿಗೆ ಮೇಲೆ ತಂತಿ ಕಟ್ಟುತ್ತಿದ್ದರಲ್ಲ, ಇದಕ್ಕೇಕೆ ಕಟ್ಟಬಾರದು?”

ಎಲ್ಲರೂ ನಗುತ್ತಾರೆ. ಆದರೆ ಆ ಮನೆಯಲ್ಲಿ ಶಾಸ್ತ್ರಸಮ್ಮತವಾದ ಪ್ರಶ್ನೆಯನ್ನು ಕೇಳಿದವರು ಅಜ್ಜಿಯೊಬ್ಬರೇ.

ಆ ಪ್ರಶ್ನೆಗೆ ಉತ್ತರ ಬೇಕಾದವರು ದೂರ ಹೋಗಬೇಕಾಗಿಲ್ಲ. ಚಿಂತಾಮಣಿ ಇರುವ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿಯೇ ಗೌರಿಬಿದನೂರಿನ ಬಳಿ ಒಂದು ವಿಚಿತ್ರವಾದ ಹೊಲವಿದೆ. ಅಲ್ಲಿ ಬೆಳೆದಿರುವುದು ಜೋಳವೂ ಅಲ್ಲ, ನೆಲಗಡಲೆಯೂ ಅಲ್ಲ; ಸಾಲುಸಾಲಾಗಿ ನಿಂತ ಸಾವಿರ ಏರಿಯಲ್ಲುಗಳು. ರಾಮನ್ ಸಂಶೋಧನಾ ಸಂಸ್ಥೆ ಮತ್ತು ಭಾರತೀಯ ಖಭೌತ ಸಂಸ್ಥೆಗಳು ಕೂಡಿ ಕಟ್ಟಿದ ಈ ರೇಡಿಯೋ ದೂರದರ್ಶಕ 1976ರಲ್ಲಿ ಕೆಲಸ ಆರಂಭಿಸಿತು. ಇಂಗ್ಲಿಷಿನ ‘ಟಿ’ ಅಕ್ಷರದ ಆಕಾರ. ಪೂರ್ವ ಪಶ್ಚಿಮವಾಗಿ ಚಾಚಿದ ತೋಳೊಂದರ ಉದ್ದವೇ ಸುಮಾರು 1.4 ಕಿಲೋಮೀಟರ್. ಅದು ಕೇಳಲು ಹೊರಟದ್ದು 34.5 ಮೆಗಾಹರ್ಟ್ಸ್ ಆವೃತ್ತಿಯ ದನಿಯನ್ನು. ಸೂರ್ಯನೂ, ಆಕಾಶಗಂಗೆಯೂ, ಅದರಾಚೆಯ ನಕ್ಷತ್ರಲೋಕಗಳೂ ಹೊರಸೂಸುವ ಆ ಅಲೆಗಳು ಇಲ್ಲಿಗೆ ಬರುವ ಹೊತ್ತಿಗೆ ತೀರ ಕ್ಷೀಣವಾಗಿರುತ್ತವೆ. ಸೂರ್ಯನಿಗೆ ಇನ್ನಷ್ಟು ಗಟ್ಟಿಯಾಗಿ ಮಾತಾಡೆಂದು ಹೇಳಲು ಸಾಧ್ಯವಿಲ್ಲ. ಮಾಡಬಹುದಾದ್ದು ಒಂದೇ: ಗದ್ದಲವಿಲ್ಲದ ಜಾಗವನ್ನು ಹುಡುಕಿ, ಕಿವಿಯನ್ನು ಹಿಗ್ಗಿಸಿ, ಬಂದದ್ದನ್ನು ಚೆಲ್ಲದೆ ಕೂಡಿಸಿಕೊಳ್ಳುವುದು. ಸಾವಿರ ಏರಿಯಲ್ಲುಗಳು ಹಿಡಿದ ಹನಿಹನಿಯನ್ನು ಒಂದೆಡೆಗೆ ತಂದು ಕೂಡಿಸಿದುದರ ಫಲವಾಗಿ ಆಕಾಶದ ಬಹುಭಾಗದ ನಕ್ಷೆಯೇ ಸಿದ್ಧವಾಗಿ 1990ರಲ್ಲಿ ಪ್ರಕಟವಾಯಿತು.

ಹಿತ್ತಲ ಕೋಣೆಯ ಲ್ಯಾಪ್‌ಟಾಪಿಗೂ ಗೌರಿಬಿದನೂರಿನ ಹೊಲಕ್ಕೂ ನಿಯಮ ಒಂದೇ. ಅಳತೆ ಮಾತ್ರ ಬೇರೆ. ಏರಿಯಲ್ಲಿನ ಗಾತ್ರವನ್ನು ಗೊತ್ತುಮಾಡುವುದು ಅಲೆಯ ಉದ್ದ. ಗೌರಿಬಿದನೂರಿನಲ್ಲಿ ಹಿಡಿಯುವ ಅಲೆ 8.7 ಮೀಟರ್ ಉದ್ದದ್ದು. ಅಲ್ಲಿ ಕಂಬಗಳೇ ಬೇಕು. ವೈಫೈ ಬಳಸುವ 2.4 ಗಿಗಾಹರ್ಟ್ಸಿನ ಅಲೆ ಹನ್ನೆರಡೂವರೆ ಸೆಂಟಿಮೀಟರ್. ಅದರ ಕಾಲುಭಾಗ, ಎಂದರೆ ಮೂರು ಸೆಂಟಿಮೀಟರಿನಷ್ಟು ಲೋಹವಿದ್ದರೆ ಒಂದು ಏರಿಯಲ್ ಆಯಿತು. ಅದು ಮುಚ್ಚಳದೊಳಗೆ ಅಡಗುವಷ್ಟು ಪುಟ್ಟದಾದ ಗುಟ್ಟು ಇದೇ. ಪುಟ್ಟದಾದ ಮಾತ್ರಕ್ಕೆ ದೋಷವಲ್ಲ. ಆದರೆ ಲ್ಯಾಪ್‌ಟಾಪನ್ನು ಕಟ್ಟುವವರು ಅದಕ್ಕೆ ಕೊಡುವ ಜಾಗ, ಉಳಿದೆಲ್ಲಕ್ಕೂ ಜಾಗ ಕೊಟ್ಟ ಮೇಲೆ ಮಿಕ್ಕ ಮೂಲೆ. ಸುತ್ತಲೂ ಪರದೆ, ಲೋಹದ ಚೌಕಟ್ಟು, ಎದುರಿಗೆ ಕುಳಿತವರ ದೇಹ. ಅವುಗಳಾಚೆ ಕಲ್ಲಿನ ಗೋಡೆಗಳು, ಉಕ್ಕಿನ ಬೀರು, ನಿಲುವುಗನ್ನಡಿ. ಪ್ರತಿಯೊಂದೂ ತನ್ನ ಪಾಲನ್ನು ಮುರಿದುಕೊಳ್ಳುತ್ತದೆ. ಹೊಸ ಪೆಟ್ಟಿಗೆಗಳಲ್ಲಿರುವ 5 ಗಿಗಾಹರ್ಟ್ಸಿನ ಅಲೆ ವೇಗದ್ದಾದರೂ ದಪ್ಪ ಗೋಡೆಗಳ ಮುಂದೆ ಇನ್ನೂ ಬೇಗ ಸೋಲುತ್ತದೆ. ಆದ್ದರಿಂದ ಹಿಂದಿನ ಕೋಣೆಗಳವರು ಮೊದಲು 2.4ರ ಅಲೆಯನ್ನೇ ಆರಿಸಿ ನೋಡುವುದು ಒಳ್ಳೆಯದು.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸಿಕೊಳ್ಳಬೇಕು. ಹೊರಗಿನ ಆಂಟೆನಾ ಹಾಕಿದರೆ ಶಕ್ತಿ ಉತ್ಪತ್ತಿಯಾಗುವುದಿಲ್ಲ. ಹಳೆಯ ಮನೆಗಳ ಗೋಡೆದೀಪವನ್ನು ಕಂಡವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ದೀಪದ ಹಿಂದೆ ಹೊಳೆಯುವ ತಗಡೊಂದನ್ನು ಇಟ್ಟಿರುತ್ತಿದ್ದರು. ತಗಡಿನಿಂದ ಎಣ್ಣೆ ಒಂದು ತೊಟ್ಟೂ ಹೆಚ್ಚುತ್ತಿರಲಿಲ್ಲ. ಗೋಡೆಯ ಪಾಲಾಗುತ್ತಿದ್ದ ಬೆಳಕು ಕೋಣೆಯ ಕಡೆಗೆ ತಿರುಗುತ್ತಿತ್ತು. ಆಂಟೆನಾದ ಮೇಲೆ ಅಂಗಡಿಯವರು ಹೇಳುವ ‘ಡೆಸಿಬೆಲ್’ ಲೆಕ್ಕ ಈ ತಿರುಗಿಸುವಿಕೆಯ ಲೆಕ್ಕವೇ. ಮೂರು ಡೆಸಿಬೆಲ್ ಎಂದರೆ ಒಂದು ದಿಕ್ಕಿನಲ್ಲಿ ಎರಡರಷ್ಟು, ಆರು ಎಂದರೆ ನಾಲ್ಕರಷ್ಟು. ಆ ದಿಕ್ಕಿಗೆ ಹೆಚ್ಚಿದ್ದು ಬೇರೆ ದಿಕ್ಕುಗಳಿಂದ ಕಳೆದದ್ದು. ನೆಟ್ಟಗೆ ನಿಲ್ಲುವ ಕಡ್ಡಿ ಆಂಟೆನಾ ಸುತ್ತಲೂ ಸಮವಾಗಿ ಹರಡಿ, ಮೇಲಕ್ಕೂ ಕೆಳಕ್ಕೂ ಕಡಿಮೆ ಮಾಡುತ್ತದೆ. ಯಾಗಿಯಂಥದು ಒಂದೇ ಕಡೆಗೆ ನೋಡುತ್ತದೆ. ಆದಕಾರಣ ದೊಡ್ಡ ಅಂಕಿಯ ಆಂಟೆನಾ ಕೊಂಡು ತಪ್ಪು ದಿಕ್ಕಿಗೆ ನಿಲ್ಲಿಸಿದವರಿಗೆ ಮೊದಲಿಗಿಂತ ಹೆಚ್ಚು ತೊಂದರೆಯೇ ಆಗಬಹುದು.

ಇನ್ನೊಂದು ಸಂಗತಿ ಇದಕ್ಕಿಂತ ಮುಖ್ಯವಾದದ್ದು. ರೇಡಿಯೋ ಕೇಳುವುದು ಏಕಮುಖ, ಇಂಟರ್‌ನೆಟ್ಟು ಸಂಭಾಷಣೆ. ವೈಫೈ ಪೆಟ್ಟಿಗೆ ಹೇಳಿದ್ದಕ್ಕೆ ಲ್ಯಾಪ್‌ಟಾಪು ಪ್ರತಿಸಲವೂ ‘ತಲುಪಿತು’ ಎಂದು ಮಾರುತ್ತರ ಕೊಡಬೇಕು. ಹೆಚ್ಚು ಶಕ್ತಿಯ ಪೆಟ್ಟಿಗೆಯನ್ನು ತಂದಿಟ್ಟರೆ ಅದರ ಕೂಗು ಹಿತ್ತಲಿಗೆ ಕೇಳಿಸೀತು. ಆದರೆ ಸಾಮಾನ್ಯವಾಗಿ ಒಂದು ವ್ಯಾಟಿನ ಹತ್ತರಲ್ಲೊಂದು ಭಾಗಕ್ಕೆ ಮೀರದ ಶಕ್ತಿಯ ಲ್ಯಾಪ್‌ಟಾಪಿನ ಉತ್ತರ ಹಾಲನ್ನು ಮುಟ್ಟುವುದು ಹೇಗೆ? ಪರದೆಯ ಮೇಲೆ ಸಿಗ್ನಲ್ಲಿನ ಗೆರೆಗಳೆಲ್ಲ ತುಂಬಿದ್ದರೂ ಪಾಠ ಮುಂದೆ ಸಾಗದಿರುವುದಕ್ಕೆ ಇದೊಂದು ಕಾರಣ. ಆಂಟೆನಾದ ಹಿರಿಮೆ ಇರುವುದು ಇಲ್ಲಿಯೇ. ಅದು ಕಿವಿಯೂ ಹೌದು, ಬಾಯಿಯೂ ಹೌದು. ಯಾವ ದಿಕ್ಕಿನಿಂದ ಚೆನ್ನಾಗಿ ಕೇಳುತ್ತದೆಯೋ ಅದೇ ದಿಕ್ಕಿಗೆ ಅಷ್ಟೇ ಚೆನ್ನಾಗಿ ಹೇಳುತ್ತದೆ.

ಇನ್ನು ಕೆಲಸದ ಕ್ರಮ. ಲ್ಯಾಪ್‌ಟಾಪನ್ನು ಪೂರ್ತಿ ಆರಿಸಿ, ಚಾರ್ಜರ್ ತೆಗೆದು, ತಳದ ಮುಚ್ಚಳವನ್ನು ಬಿಚ್ಚಿ, ಒಳಗಿನ ಬ್ಯಾಟರಿಯ ಸಂಪರ್ಕವನ್ನೂ ತಪ್ಪಿಸಬೇಕು. ಮೈಯಲ್ಲಿರಬಹುದಾದ ಸ್ಥಿರವಿದ್ಯುತ್ತು ಹರಿದುಹೋಗುವಂತೆ ಲೋಹದ ವಸ್ತುವೊಂದನ್ನು ಮುಟ್ಟಿ ಮುಂದುವರಿಯಬೇಕು. ಅಂಚೆಚೀಟಿಗಿಂತ ಹೆಚ್ಚೇನೂ ದೊಡ್ಡದಲ್ಲದ ಒಂದು ಕಾರ್ಡು, ಅದರ ಮೇಲೆ ಸಾಸಿವೆಗಿಂತ ಸ್ವಲ್ಪ ದೊಡ್ಡದಾದ ಎರಡು ಹೊಂಬಣ್ಣದ ಗುಂಡಿಗಳು, ಅವಕ್ಕೆ ಸಿಕ್ಕಿಸಿದ ದಾರದಂಥ ಎರಡು ತಂತಿಗಳು ಕಾಣುತ್ತವೆ. ಅದೇ ವೈಫೈ ಕಾರ್ಡು. ಆ ತಂತಿಗಳೇ ಕೀಲಿನ ಮೂಲಕ ಮುಚ್ಚಳಕ್ಕೆ ಏರಿ ಆಂಟೆನಾಗಳನ್ನು ಸೇರುತ್ತವೆ. ಕೆಲವು ತೆಳು ಲ್ಯಾಪ್‌ಟಾಪುಗಳಲ್ಲಿ ಕಾರ್ಡನ್ನು ಮೂಲ ಹಲಗೆಗೆ ಬೆಸೆದೇ ಬಿಟ್ಟಿರುತ್ತಾರೆ. ಅವುಗಳ ತಂಟೆಗೆ ಹೋಗಬಾರದು.

ಎರಡರಲ್ಲೊಂದು ತಂತಿಯನ್ನು, ಎಳೆಯನ್ನು ಹಿಡಿದು ಜಗ್ಗದೆ, ತಲೆಯನ್ನೇ ನೆಟ್ಟಗೆ ಮೇಲಕ್ಕೆತ್ತಿ ಬಿಡಿಸಬೇಕು. ಹಳೆಯ ಕಾರ್ಡುಗಳಲ್ಲಿ ಬಳಸುವ ಯು.ಎಫ್‌.ಎಲ್. ಗುಂಡಿಯನ್ನು ಸುಮಾರು ಮೂವತ್ತು ಸಲ ತೆಗೆದು ಹಾಕುವುದಕ್ಕೆ ಮಾತ್ರ ತಯಾರಕರ ಭರವಸೆ ಇರುವುದರಿಂದ ಆಟಕ್ಕೆಂದು ಪದೇಪದೇ ಬಿಚ್ಚತಕ್ಕದ್ದಲ್ಲ. ಹೊಸ ಕಾರ್ಡುಗಳ ಗುಂಡಿ ಇನ್ನೂ ಚಿಕ್ಕದು. ಒಂದರ ತಂತಿ ಇನ್ನೊಂದಕ್ಕೆ ಕೂಡದು. ಕಾರ್ಡಿನ ಜಾತಿಯನ್ನು ನೋಡಿಕೊಂಡೇ ಜೋಡುತಂತಿಯನ್ನು ಕೊಳ್ಳಬೇಕು. ಅದರ ಒಂದು ತುದಿ ಈ ಗುಂಡಿಗೆ. ಇನ್ನೊಂದು ತುದಿಯ ತಿರುಪು ಲ್ಯಾಪ್‌ಟಾಪಿನ ಪಕ್ಕದಲ್ಲಿ ತೆಗೆದ ರಂಧ್ರದಿಂದ ಹೊರಕ್ಕೆ. ರಂಧ್ರ ಕೊರೆಯುವ ಮುನ್ನ ಒಳಗೆ ಬ್ಯಾಟರಿಯಾಗಲಿ ಬೇರೆ ತಂತಿಯಾಗಲಿ ಅಡ್ಡವಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಹೊರಗಿನ ತಿರುಪಿನಲ್ಲಿಯೂ ಎರಡು ಜಾತಿ: ಎಸ್‌.ಎಂ.ಎ. ಒಂದು, ಅದನ್ನು ತಿರುವುಮುರುವು ಮಾಡಿದ ಆರ್‌.ಪಿ. ಎಸ್‌.ಎಂ.ಎ. ಇನ್ನೊಂದು. ಇವೆರಡೂ ಒಂದಕ್ಕೊಂದು ಚೆನ್ನಾಗಿಯೇ ತಿರುಗಿ ಕೂಡುತ್ತವೆ. ಆದರೆ ನಡುವೆ ಇರಬೇಕಾದ ಸೂಜಿ ಎರಡು ಕಡೆಯೂ ಇಲ್ಲದೆ ಒಳಗೆ ಸಂಪರ್ಕವೇ ಆಗದಿರಬಹುದು. ಕೊಳ್ಳುವಾಗ ಒಂದರಲ್ಲಿ ಸೂಜಿ, ಇನ್ನೊಂದರಲ್ಲಿ ಕುಳಿ ಇರುವುದನ್ನು ಕಣ್ಣಾರೆ ನೋಡಬೇಕು. ಕಾರ್ಡಿನ ಎರಡನೆಯ ತಂತಿಯನ್ನು ಮುಚ್ಚಳದ ಆಂಟೆನಾಕ್ಕೇ ಬಿಟ್ಟಿರುವುದು ಕ್ಷೇಮ. ಇಂದಿನ ಕಾರ್ಡುಗಳು ಎರಡು ದಾರಿಗಳಲ್ಲಿಯೂ ಒಟ್ಟಿಗೆ ಮಾತಾಡುತ್ತವೆ.

ಆಂಟೆನಾ ಹೊರಗೆ ಬಂದ ಮೇಲೆ ಅದನ್ನು ಉದ್ದ ತಂತಿಯಿಂದ ಕಿಟಕಿಗೋ ಮಾಳಿಗೆಗೋ ಒಯ್ಯೋಣವೆಂದು ತೋರುವುದು ಸಹಜ. ಅಜ್ಜಿಯ ಕಾಲದ ಪದ್ಧತಿಗೂ ಈ ಕಾಲದ ಪದ್ಧತಿಗೂ ವ್ಯತ್ಯಾಸವಿರುವುದು ಇಲ್ಲಿ. ರೇಡಿಯೋದ ಉದ್ದ ಅಲೆ ತಂತಿಯಲ್ಲಿ ಹೆಚ್ಚು ಸೋರುತ್ತಿರಲಿಲ್ಲ. ವೈಫೈಯ ಗಿಡ್ಡ ಅಲೆ ಹರಕು ಕಾಲುವೆಯ ನೀರಿನಂತೆ ಸೋರಿಹೋಗುತ್ತದೆ. ಸಾಮಾನ್ಯವಾಗಿ ಸಿಕ್ಕುವ ತೆಳು ಕೇಬಲ್ಲಿನಲ್ಲಿ ಒಂದೂವರೆ ಮೀಟರ್ ಸಾಗುವಷ್ಟರಲ್ಲಿ ಹತ್ತಿರ ಹತ್ತಿರ ಅರ್ಧ ಶಕ್ತಿ ನಷ್ಟ. ಐದು ಮೀಟರ್ ಎಳೆದವರು ಒಳ್ಳೆಯ ಆಂಟೆನಾದಿಂದ ಗಳಿಸಿದ್ದನ್ನೆಲ್ಲ ಕೇಬಲ್ಲಿಗೆ ಕೊಟ್ಟು ಮೈಮೇಲೆ ಸಾಲವನ್ನೂ ಹೊತ್ತಂತೆ.

ಆದ್ದರಿಂದ ದೂರ ಒಯ್ಯಬೇಕಾದವರು ಆಂಟೆನಾವನ್ನಲ್ಲ, ರೇಡಿಯೋವನ್ನೇ ಒಯ್ಯಬೇಕು. ಆಂಟೆನಾ ಸಹಿತವಾಗಿ ಬರುವ ಯುಎಸ್‌ಬಿ ವೈಫೈ ಸಾಧನಗಳು ಅಂಗಡಿಗಳಲ್ಲಿ ದೊರೆಯುತ್ತವೆ. ಯುಎಸ್‌ಬಿ ತಂತಿಯಲ್ಲಿ ಹರಿಯುವುದು ಅಲೆಯಲ್ಲ, ಅಂಕಿಗಳು. ಅವು ಹಾಗೆ ಸೋರುವುದಿಲ್ಲ. ಯುಎಸ್‌ಬಿ 2.0 ಪದ್ಧತಿಯಲ್ಲಿ ಐದು ಮೀಟರಿನವರೆಗೆ ತಂತಿ ಎಳೆಯಲು ಅವಕಾಶವಿದೆ. ಹಿತ್ತಲ ಕೋಣೆಯ ಬಾಗಿಲ ನೆತ್ತಿಗೋ, ನಡುಮನೆಯ ಬೆಳಕಿಂಡಿಯ ಬಳಿಗೋ ಸಾಧನವನ್ನು ಒಯ್ದು ಕಟ್ಟಿದರೆ, ಲ್ಯಾಪ್‌ಟಾಪನ್ನು ಬಿಚ್ಚುವ ಸಾಹಸವೂ ಇಲ್ಲ, ರಂಧ್ರವೂ ಇಲ್ಲ. ಬಹುಪಾಲು ಮನೆಗಳಿಗೆ ಇದೇ ಸುಲಭೋಪಾಯ.

ಇನ್ನಷ್ಟು ಬೇಕಾದವರಿಗೆ ಅಡಿಗೆಮನೆಯೇ ನೆರವಾದೀತು. ನ್ಯೂಜಿಲೆಂಡಿನಲ್ಲಿ ಕೆಲವರು ಬಾಣಲೆಯಂಥ ಪಾತ್ರೆಯ ಮುಂದೆ ಯುಎಸ್‌ಬಿ ಸಾಧನವನ್ನು ನಿಲ್ಲಿಸಿ ದೂರದ ವೈಫೈಯನ್ನು ಹಿಡಿದು ತೋರಿಸಿದ್ದಾರೆ. ಬಟ್ಟಲಿನಾಕಾರದ ಲೋಹ ಅಲೆಗಳನ್ನು ಗೋಡೆದೀಪದ ತಗಡಿನಂತೆಯೇ ಒಂದೆಡೆಗೆ ತಿರುಗಿಸುತ್ತದೆ. ತಂತಿಯ ಜರಡಿಯಾದರೂ ಆದೀತು. ಕಣ್ಣುಗಳು ಒಂದು ಸೆಂಟಿಮೀಟರಿಗಿಂತ ಚಿಕ್ಕವಾಗಿದ್ದರೆ ಹನ್ನೆರಡು ಸೆಂಟಿಮೀಟರಿನ ಅಲೆಗೆ ಅದು ಗೋಡೆಯೇ ಸರಿ. ಸಾಧನವನ್ನು ಹಿಂದುಮುಂದು ಸರಿಸುತ್ತ ಸಿಗ್ನಲ್ ಎಲ್ಲಿ ಹೆಚ್ಚುವುದೋ ಅಲ್ಲಿ ಕಟ್ಟಿದರಾಯಿತು. ಬಾಣಲೆಯನ್ನು ಹಬ್ಬದ ದಿನ ಹಿಂದಿರುಗಿಸಬೇಕೆಂಬುದನ್ನು ಮಾತ್ರ ಮರೆಯಬಾರದು.

ಕಾನೂನಿನ ಮಾತೂ ಉಂಟು. ಹಿಂದೆ ರೇಡಿಯೋ ಇಟ್ಟವರು ಅಂಚೆ ಕಚೇರಿಯಲ್ಲಿ ಲೈಸೆನ್ಸಿನ ಹಣ ಕಟ್ಟಬೇಕಾಗಿತ್ತು. ವೈಫೈಗೆ ಆ ಬಾಧೆಯಿಲ್ಲ. 2.4 ಗಿಗಾಹರ್ಟ್ಸಿನ ಪಟ್ಟಿಯನ್ನು ಭಾರತ ಸರ್ಕಾರ 2005ರ ನಿಯಮಗಳಿಂದ ಲೈಸೆನ್ಸಿನ ಹಂಗಿನಿಂದ ಬಿಡಿಸಿತು. ಆದರೆ ಮಿತಿಗಳನ್ನೂ ವಿಧಿಸಿತು. ಪ್ರೇಷಕದ ಶಕ್ತಿ ಒಂದು ವ್ಯಾಟನ್ನೂ, ಆಂಟೆನಾದಿಂದ ಒಂದು ದಿಕ್ಕಿಗೆ ಹೊರಡುವ ಪರಿಣಾಮಶಕ್ತಿ ನಾಲ್ಕು ವ್ಯಾಟನ್ನೂ, ಆಂಟೆನಾದ ಎತ್ತರ ಮಾಳಿಗೆಯಿಂದ ಐದು ಮೀಟರನ್ನೂ ಮೀರಬಾರದೆಂದು ಅಲ್ಲಿ ಹೇಳಿದೆ. ಮನೆಬಳಕೆಯ ಸಾಧನಗಳಿಗೆ ಈ ಮಿತಿ ಧಾರಾಳವಾಯಿತು. ಮಿತಿಯನ್ನು ಹಾಕಿದುದರ ಅರ್ಥವೂ ಸ್ಪಷ್ಟ: ಆಕಾಶ ಒಬ್ಬರ ಸ್ವತ್ತಲ್ಲ, ಪಕ್ಕದ ಮನೆಯ ಮಕ್ಕಳೂ ಓದಬೇಕು.

ದುಡ್ಡು ಖರ್ಚು ಮಾಡುವ ಮೊದಲು ಒಂದು ಪರೀಕ್ಷೆಯನ್ನು ಮಾಡಿ ನೋಡುವುದು ಅವಶ್ಯ. ಲ್ಯಾಪ್‌ಟಾಪನ್ನು ವೈಫೈ ಪೆಟ್ಟಿಗೆಯ ಪಕ್ಕದಲ್ಲಿಯೇ ಇಟ್ಟು ಅದೇ ಪಾಠವನ್ನು ನೋಡಬೇಕು. ಅಲ್ಲಿಯೂ ನಿಂತು ನಿಂತು ಬಂದರೆ ದೋಷ ಮನೆಗೆ ಬರುವ ತಂತಿಯಲ್ಲಿಯೋ ಪೆಟ್ಟಿಗೆಯಲ್ಲಿಯೋ ಲ್ಯಾಪ್‌ಟಾಪಿನಲ್ಲಿಯೋ ಇದೆ. ಎಂಥ ಆಂಟೆನಾವೂ ಅದನ್ನು ಗುಣಪಡಿಸದು. ಅಲ್ಲಿ ಸರಾಗವಾಗಿ ಬಂದು ಹಿತ್ತಲಲ್ಲಿ ಮಾತ್ರ ತಡವರಿಸಿದರೆ ದೋಷ ನಡುವಿನ ಗೋಡೆಗಳದು. ಆಗ ಹೊಸ ಲ್ಯಾಪ್‌ಟಾಪಾಗಲಿ ಹೆಚ್ಚಿನ ಬೆಲೆಯ ಇಂಟರ್‌ನೆಟ್ ಯೋಜನೆಯಾಗಲಿ ಬೇಕಾಗಿಲ್ಲ. ಪೆಟ್ಟಿಗೆಯ ಕಡ್ಡಿಗಳು ನೆಟ್ಟಗೆ ನಿಂತಿದ್ದರೆ ಲ್ಯಾಪ್‌ಟಾಪಿನ ಕಡ್ಡಿಯನ್ನೂ ನೆಟ್ಟಗೆ ನಿಲ್ಲಿಸಬೇಕು. ಒಂದು ನಿಂತು ಒಂದು ಮಲಗಿದರೆ ಸಂಭಾಷಣೆ ಕುಗ್ಗುತ್ತದೆ. ಎಲ್ಲಕ್ಕಿಂತ ಅಗ್ಗವಾದ ಚಿಕಿತ್ಸೆ ಪೆಟ್ಟಿಗೆಯನ್ನೇ ಟಿವಿಯ ಹಿಂದಿನಿಂದ ತೆಗೆದು, ನಡುಮನೆಯ ಎತ್ತರದ ಗೂಡಿಗೆ ಸಾಗಿಸುವುದು. ಬೇಕಾಗುವುದು ಕೆಲವು ಮೀಟರ್ ತಂತಿ, ಒಂದು ಭಾನುವಾರ ಬೆಳಗ್ಗೆ.

ಆ ಪೆಟ್ಟಿಗೆ ಹಾಲಿನಲ್ಲಿ ಕುಳಿತದ್ದು ಹೇಗೆಂದು ಯಾರಾದರೂ ಕೇಳಿದರೆ, ಮನೆಯವರು ಕೂಡಿ ತೀರ್ಮಾನಿಸಿದ್ದು ಎಂಬ ಉತ್ತರ ಬರುವುದು ಅಪರೂಪ. ತಂತಿ ಹಾಕಲು ಬಂದವನಿಗೆ ಸಮೀಪವಾದ ಗೋಡೆಯೇ ಅದರ ಜಾಗವಾಯಿತು. ಆಮೇಲೆ ಓದುವವರೇ ಎದ್ದು ಅದರ ಬಳಿಗೆ ಹೋಗಬೇಕಾಯಿತು. ವೈಫೈ ಪೆಟ್ಟಿಗೆಯ ಜಾಗವನ್ನು ಗೋಡೆಯ ಮೊಳೆ ಗೊತ್ತುಮಾಡುವುದಕ್ಕಿಂತ ಓದುವವರ ಕುರ್ಚಿ ಗೊತ್ತುಮಾಡುವುದು ನ್ಯಾಯ. ಹಿತ್ತಲ ಕೋಣೆಯ ಹುಡುಗಿ ಕೇಳುತ್ತಿರುವುದು ಹೊಸ ಯಂತ್ರವನ್ನೆಂದು ಮನೆಯವರಿಗೆ ತೋರಬಹುದು. ಆಕೆಗೆ ಬೇಕಾಗಿರುವುದು ಯಾರೂ ಎಬ್ಬಿಸದ ಒಂದು ಮೂಲೆ, ಮತ್ತು ಆ ಮೂಲೆಗೆ ತಲುಪುವ ಪಾಠ.